ಒಂದೇ ಇಳಿಜಾರು, ಮೂರು ಸೆಟ್ ಟೈರ್

ನಮ್ಮ ಮನೆ ಇರುವುದು ಒಂದು ಇಳಿಜಾರಿನ ತುದಿಯಲ್ಲಿ. ಕೆಳಗಿಳಿದರೆ ಸ್ಟಾಪ್ ಬೋರ್ಡ್, ಅದರಾಚೆ ದೊಡ್ಡ ರಸ್ತೆ. ಬೇಸಿಗೆಯಲ್ಲಿ ಅಲ್ಲೊಂದು ಇಳಿಜಾರು ಇದೆ ಅನ್ನುವುದೂ ನೆನಪಿರುವುದಿಲ್ಲ. ಸ್ನೋ ಬಿದ್ದ ಮೇಲೆ ದಿನಾ ಬೆಳಗ್ಗೆ ಅದೊಂದು ಪರೀಕ್ಷೆ. ಐದು ಚಳಿಗಾಲಗಳಲ್ಲಿ ಒಂದೇ ಕಾರಿಗೆ ಮೂರು ಬಗೆಯ ಟೈರ್ ಹಾಕಿ ಇಲ್ಲೇ ಇಳಿದಿದ್ದೇನೆ, ಹತ್ತಿದ್ದೇನೆ. ಮೊದಲು ಆಲ್ ಸೀಸನ್ (ವರ್ಷವಿಡೀ ಓಡಿಸುವ ಸಾಧಾರಣ ಟೈರ್), ಆಮೇಲೆ ವಿಂಟರ್ (ಚಳಿಗಾಲಕ್ಕೆಂದೇ ಮಾಡಿದ್ದು), ಕೊನೆಗೆ ಆಲ್ ವೆದರ್ (ವರ್ಷವಿಡೀ ಓಡಿಸಬಹುದು, ಹಿಮದ ಪರೀಕ್ಷೆಯೂ ಪಾಸಾಗಿರುತ್ತದೆ). ಯಾವ ಕಂಪನಿ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನ ಅನುಭವದಲ್ಲಿ ಕಂಪನಿಗಿಂತ ಬಗೆಯೇ ಮುಖ್ಯ.

ಆಲ್ ಸೀಸನ್ ಕಾರಿನ ಜೊತೆಗೇ ಬಂದಿದ್ದು. ಪಕ್ಕದಲ್ಲಿ ಎಂ+ಎಸ್ ಅಂತ ಅಚ್ಚಾಗಿತ್ತು. ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ. ಕಾರಿನ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದೆ. ಇನ್ನೇನು ಬೇಕು ಅಂದುಕೊಂಡೆ. ಮೊದಲ ಸ್ನೋದಲ್ಲಿ ಕಾರು ಸಲೀಸಾಗಿ ಮೇಲೆ ಹತ್ತಿತು, ನನಗೂ ಸ್ವಲ್ಪ ಕೊಬ್ಬು ಹತ್ತಿತು. ವಾರ ಕಳೆದು ಇಳಿಯುವಾಗ ಬ್ರೇಕ್ ಒತ್ತಿದರೆ ಕಾಲಡಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಗರಗರ ಅಂತು, ಕಾರು ಮಾತ್ರ ನಿಲ್ಲಲೇ ಇಲ್ಲ. ಸ್ಟಾಪ್ ಬೋರ್ಡ್ ದಾಟಿ ಅರ್ಧ ಕಾರು ದೊಡ್ಡ ರಸ್ತೆಯಲ್ಲಿ. ಆ ಹೊತ್ತಿಗೆ ಯಾವ ಗಾಡಿಯೂ ಬರಲಿಲ್ಲ, ನನ್ನ ಪುಣ್ಯ.

ಆಮೇಲೆ ಗೊತ್ತಾಗಿದ್ದು ಎರಡು ವಿಷಯ. ನಾಲ್ಕು ಚಕ್ರದ ಎಂಜಿನ್ ಬಲ ಕಾರನ್ನು ಹೊರಡಿಸುತ್ತದೆ, ನಿಲ್ಲಿಸುವುದು ಟೈರ್. ಇನ್ನೊಂದು, ಎಂ+ಎಸ್ ಗುರುತಿಗೆ ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳ, ಅಂದರೆ ಬಟನ್‌ನ ಆಕಾರ, ನಡುವಿನ ಸಂದು ಇಷ್ಟಿದ್ದರೆ ಸಾಕಿತ್ತು. ಆ ಗುರುತು ಇದ್ದ ಮಾತ್ರಕ್ಕೆ ಟೈರನ್ನು ಹಿಮದ ಮೇಲೆ ಓಡಿಸಿ ನೋಡಿದ್ದಾರೆ ಅಂತಲ್ಲ.

ಮುಂದಿನ ಚಳಿಗಾಲಕ್ಕೆ ವಿಂಟರ್ ಟೈರ್ ತಂದೆ, ಬೇರೆ ರಿಮ್ ಸಮೇತ. ಮುಟ್ಟಿದರೇ ವ್ಯತ್ಯಾಸ ತಿಳಿಯುತ್ತದೆ. ಗ್ಯಾರೇಜಿನ ಕೊರೆಯುವ ಚಳಿಯಲ್ಲಿ ಹಳೆಯ ಟೈರ್ ಉಗುರಿಗೆ ಗಟ್ಟಿ, ಇದು ಇನ್ನೂ ಮೆತ್ತಗೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಬಿಗಿಯುತ್ತಾ ಹೋಗುತ್ತದೆ. ವಿಂಟರ್ ಟೈರಿನ ರಬ್ಬರ್ ಬೇರೆ, ಚಳಿಯಲ್ಲೂ ಬಾಗುತ್ತದೆ. ಬಟನ್ ತುಂಬಾ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳು. ಅವುಗಳ ಅಂಚು ರಸ್ತೆಯನ್ನು ಕಚ್ಚುತ್ತದೆ. ದೊಡ್ಡ ಸಂದುಗಳಲ್ಲಿ ಹಿಮ ತುಂಬಿಕೊಳ್ಳುವುದೂ ಲಾಭವೇ. ಹಿಮಕ್ಕೆ ಹಿಮ ಚೆನ್ನಾಗಿ ಹಿಡಿಯುತ್ತದೆ. ಅಂಗೈಯಲ್ಲಿ ಒತ್ತಿ ಉಂಡೆ ಕಟ್ಟಿ ನೋಡಿ, ತಿಳಿಯುತ್ತದೆ.

ಇಳಿಜಾರಿನಲ್ಲಿ ನನಗೆ ನಿಜವಾಗಿ ಬೇಕಿದ್ದು ಮಂಜುಗಡ್ಡೆಯ ಮೇಲಿನ ಬ್ರೇಕ್. ಕಡುಚಳಿಯಲ್ಲಿ ಗಡ್ಡೆ ಅಷ್ಟು ಜಾರುವುದಿಲ್ಲ. ಸೊನ್ನೆಯ ಆಸುಪಾಸಿನಲ್ಲಿ, ಹಗಲು ಕರಗಿ ರಾತ್ರಿ ಗಟ್ಟಿಯಾದಾಗ, ಮೇಲೆ ತೆಳ್ಳಗೆ ನೀರು ಕೂತಿರುತ್ತದಲ್ಲ, ಆಗ ಕಷ್ಟ. ಅಲ್ಲೂ ವಿಂಟರ್ ಟೈರ್ ಹಿಡಿಯಿತು. ಗಕ್ಕನೆ ಅಲ್ಲ, ನಿಧಾನಕ್ಕೆ, ಆದರೆ ಬೋರ್ಡಿಗಿಂತ ಮೊದಲೇ.

ಇದರ ತಾಪತ್ರಯ ವಸಂತದಲ್ಲಿ ಶುರು. ಬಿಸಿ ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಕಾರು ಒಂದು ಕ್ಷಣ ಯೋಚಿಸಿ ತಿರುಗಿದ ಹಾಗೆ ಅನ್ನಿಸುತ್ತದೆ. ಒಂದು ವರ್ಷ ಸೋಮಾರಿತನದಿಂದ ಬೇಸಿಗೆ ನಡುವಿನವರೆಗೂ ತೆಗೆಯಲಿಲ್ಲ. ಬಟನ್ ಉಜ್ಜಿಹೋಯಿತು. ಹೊಸದರಲ್ಲಿ ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ. ಬಹಳ ದೇಶಗಳಲ್ಲಿ ಕಾನೂನು 1.6ರವರೆಗೆ ಸುಮ್ಮನಿರುತ್ತದೆ, ಆದರೆ 4ಕ್ಕಿಂತ ಕೆಳಗಿಳಿದ ವಿಂಟರ್ ಟೈರನ್ನು ಹಿಮದಲ್ಲಿ ನಂಬುವಂತಿಲ್ಲ. ವರ್ಷಕ್ಕೆರಡು ಸಲ ಜಾಕ್ ಹಾಕುವುದು, ನಾಲ್ಕು ಚಕ್ರ ಇಡಲು ಜಾಗ ಹುಡುಕುವುದು, ಇದೂ ಲೆಕ್ಕಕ್ಕೆ ಬರಬೇಕು. ನನ್ನ ಸೊಂಟ ಅಂತೂ ಲೆಕ್ಕ ಇಟ್ಟಿದೆ.

ಹಾಗಾಗಿಯೇ ಮೂರನೆಯದು, ಆಲ್ ವೆದರ್. ಹೆಸರಿನಲ್ಲಿ ಗೊಂದಲ ಇದೆ, ಗಮನಿಸಿ. ಅಮೆರಿಕ, ಕೆನಡಾದಲ್ಲಿ ಆಲ್ ವೆದರ್ ಅನ್ನುವುದನ್ನು ಯುರೋಪಿನಲ್ಲಿ ಆಲ್ ಸೀಸನ್ ಅಂತಲೇ ಮಾರುತ್ತಾರೆ. ಅದಕ್ಕೆ ಹೆಸರು ಬಿಡಿ, ಗುರುತು ನೋಡಿ: ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳು. 1999ರಲ್ಲಿ ಉತ್ತರ ಅಮೆರಿಕದಲ್ಲಿ ಬಂದ ಈ ಗುರುತು ಸಿಗಬೇಕಾದರೆ ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಚಳಿಗಾಲದ ರಸ್ತೆಗೆ ಇದೇ ಗುರುತು ಬೇಕು, ಬರೀ ಎಂ+ಎಸ್ ನಡೆಯುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ.

ಹೊಸ ಸ್ನೋದಲ್ಲಿ ಇದು ನನ್ನನ್ನು ಬೆರಗುಗೊಳಿಸಿತು. ಹತ್ತುವಾಗ ವಿಂಟರ್ ಟೈರಿಗೂ ಇದಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಕರಗಿದ ಹಿಮದ ರಾಡಿಯಲ್ಲೂ, ಮಳೆಯಲ್ಲೂ ನೆಮ್ಮದಿ. ಬೇಸಿಗೆಯ ಹೈವೇಯಲ್ಲಿ ಸಾಧಾರಣ ಟೈರಿನ ಹಾಗೇ, ಸ್ವಲ್ಪ ಸದ್ದು ಜಾಸ್ತಿ ಅಷ್ಟೇ. ಆದರೆ ಆ ಸೊನ್ನೆ ಡಿಗ್ರಿಯ ಬೆಳಗ್ಗೆ, ಅದೇ ಇಳಿಜಾರಿನಲ್ಲಿ, ಕಾರು ಬೋರ್ಡಿನ ಪಕ್ಕಕ್ಕೆ ಬಂದು ನಿಂತಿತು. ದಾಟಲಿಲ್ಲ, ಹಿಂದೆಯೂ ನಿಲ್ಲಲಿಲ್ಲ. ಬೆಟ್ಟದ ಗುರುತಿನ ಪರೀಕ್ಷೆ ನಡೆಯುವುದು ಹಿಮದ ಮೇಲೆ, ಮಂಜುಗಡ್ಡೆಯ ಮೇಲಲ್ಲ. ಆ ಒಂದು ಕಾರಿನ ಉದ್ದದಲ್ಲಿ ನನಗೆ ಅದು ಅರ್ಥವಾಯಿತು. ಯುರೋಪಿನ ಟೈರ್ ಲೇಬಲ್‌ನಲ್ಲಿ 2021ರಿಂದ ಮಂಜುಗಡ್ಡೆಗೇ ಬೇರೆ ಚಿತ್ರ ಸೇರಿಸಿದ್ದಾರೆ.

ಗಡ್ಡೆಯನ್ನು ಕಚ್ಚಲೆಂದೇ ಸಣ್ಣ ಲೋಹದ ಮೊಳೆ ಹೊಡೆದ ಟೈರ್ ನಾನು ಓಡಿಸಿಲ್ಲ. ಅಲ್ಲಿ ಅದಕ್ಕೆ ಸಾಟಿ ಇಲ್ಲ ನಿಜ, ಆದರೆ ಬರಿಯ ರಸ್ತೆಯನ್ನು ಕೊರೆಯುತ್ತದೆ, ಕೆಲವು ಕಡೆ ನಿಷೇಧವೂ ಇದೆ.

ಈಗ ಮನೆಯಲ್ಲಿ ಎರಡು ಕಾರು. ರಸ್ತೆ ಸ್ವಚ್ಛ ಮಾಡಿದ ಮೇಲೆ ಹೊರಡುವ ಮನೆಯವರ ಕಾರಿಗೆ ಆಲ್ ವೆದರ್ ಹಾಕಿದ್ದೇವೆ, ವರ್ಷವಿಡೀ ಅದೇ. ಬೆಳಕು ಹರಿಯುವ ಮುಂಚೆ ಇಳಿಜಾರು ಇಳಿಯುವ ನನ್ನ ಕಾರಿಗೆ ಮತ್ತೆ ವಿಂಟರ್. ಎರಡಕ್ಕೂ ನಾಲ್ಕು ಚಕ್ರಕ್ಕೂ ಒಂದೇ ಬಗೆ. ಮುಂದೆರಡು ಹೊಸದು, ಹಿಂದೆರಡು ಹಳೆಯದು ಅಂತ ಉಳಿಸಲು ಹೋದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಮುಂದೆ ಬರುತ್ತದೆ. ಚಳಿ ಬಿದ್ದಾಗ ಗಾಳಿಯನ್ನೂ ನೋಡಿಸಿ, ಪ್ರತಿ 5-6 ಡಿಗ್ರಿ ಇಳಿದಂತೆ ಟೈರಿನೊಳಗಿನ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ಚಕ್ರ ಬದಲಾಯಿಸಿ ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ ಇನ್ನೊಮ್ಮೆ ಬಿಗಿ ಮಾಡಿ. ನಾನು ಈ ವಾರದ್ದು ಇನ್ನೂ ಮಾಡಿಲ್ಲ, ಬರೆಯುತ್ತಾ ನೆನಪಾಯಿತು.