ಡ್ರಾಕುಲಾ: ಪುಸ್ತಕದವನಾ, ಪರದೆಯವನಾ?

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತೋ ದೇವರೇ ಬಲ್ಲ. ಈ ಸಲ ಅದನ್ನೇ ನೆಪ ಮಾಡಿಕೊಂಡೆ. ಕರೆಂಟಿಲ್ಲದ ರಾತ್ರಿ ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿ ‘ಡ್ರಾಕುಲಾ’, ಕರೆಂಟಿದ್ದ ರಾತ್ರಿ ಒಂದೊಂದು ರಕ್ತಪಿಶಾಚಿ ಸಿನಿಮಾ.

ಸಿನಿಮಾ ನೋಡಿ ಬೆಳೆದವರಿಗೆ ಪುಸ್ತಕದಲ್ಲಿ ಸಿಗುವವನು ಬೇರೆಯೇ ಆಸಾಮಿ. ಬಿಳಿ ಮೀಸೆಯ ಮುದುಕ. ಅಂಗೈಯಲ್ಲಿ ಕೂದಲು, ಬಾಯಿ ವಾಸನೆ. ರಕ್ತ ಕುಡಿದ ಮೇಲೆ ಪ್ರಾಯದವನಾಗುತ್ತಾನೆ. ಹಗಲಲ್ಲೂ ಲಂಡನ್ನಿನಲ್ಲಿ ಓಡಾಡುತ್ತಾನೆ, ಶಕ್ತಿ ಮಾತ್ರ ಕಡಿಮೆ. ಹಲಸಿನ ಬೀಜ ಸುಲಿಯುತ್ತಿದ್ದ ಅಜ್ಜಿ ಕೇಳಿ, ‘ಹಗಲಲ್ಲಿ ತಿರುಗೋದಾದ್ರೆ ಅದೆಂಥ ಪಿಶಾಚಿ ಮಾರಾಯ?’ ಎಂದರು. ಕರೆಯದೆ ಮನೆಯೊಳಗೆ ಬರುವಂತಿಲ್ಲ ಅನ್ನುವ ನಿಯಮ ಮಾತ್ರ ಅವರಿಗೆ ಹಿಡಿಸಿತು. ಬಾಗಿಲ ಮೇಲೆ ‘ನಾಳೆ ಬಾ’ ಬರೆದ ಕಾಲ ನೋಡಿದವರು ಅಲ್ವಾ!

ಡ್ರಾಕುಲಾನ ಕೋಟೆಯಲ್ಲಿ ಅತಿಥಿಯಾಗಿರುವ ಜೊನಾಥನ್ ಗಡ್ಡ ಹೆರೆಯುವ ಜಾಗಕ್ಕೆ ಬಂದಾಗ ಲಾಟೀನು ಹತ್ತಿರ ಎಳೆದುಕೊಂಡೆ. ಹೆಗಲ ಮೇಲೆ ಕೈ ಬೀಳುತ್ತದೆ. ಕನ್ನಡಿಯಲ್ಲಿ ಯಾರೂ ಇಲ್ಲ. ಅಷ್ಟೇ. ಓದಿ ಎದ್ದರೆ ನನ್ನ ಹಿಮ್ಮಡಿಯ ಹತ್ತಿರ ರಕ್ತ! ಸಂಜೆ ತೋಟದಲ್ಲಿ ಹತ್ತಿದ ಇಂಬಳ, ಅಂದರೆ ಜಿಗಣೆ, ಯಾವಾಗಲೋ ಕುಡಿದು ಉದುರಿಹೋಗಿತ್ತು. ಕಚ್ಚಿದ್ದೂ ಗೊತ್ತಾಗಲಿಲ್ಲ. ಪುಸ್ತಕದ ಡ್ರಾಕುಲಾ ಥೇಟ್ ಇದೇ ಜಾತಿ. ಅವನಿಗೆ ಬಲಿಯಾಗುವ ಹುಡುಗಿ ಲೂಸಿ ದಿನದಿನಕ್ಕೂ ಬಿಳಿಚಿಕೊಳ್ಳುತ್ತಾಳೆ, ನಾಲ್ಕು ಜನ ರಕ್ತ ಕೊಡುತ್ತಾರೆ, ಕೊಟ್ಟದ್ದೆಲ್ಲ ಎಲ್ಲಿ ಹೋಯಿತೋ ಕೊಟ್ಟವರಿಗೇ ತಿಳಿಯುವುದಿಲ್ಲ. ನಡುವೆ ಅವಳಿಗೆ ಔಷಧಿ ಮಾಡಲು ಬಂದ ಡಾಕ್ಟರು ವ್ಯಾನ್ ಹೆಲ್ಸಿಂಗ್ ಭಾಷಣ ಶುರು ಮಾಡಿದರೆ ಮಾತ್ರ ಆಕಳಿಕೆ ಗ್ಯಾರಂಟಿ.

ಸಿನಿಮಾಗಳಲ್ಲಿ ನನಗೆ ಗೆದ್ದದ್ದು 1922ರ ಮೂಕಿಚಿತ್ರ ‘ನೊಸ್ಫೆರಾತು’. ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಮಾತಿಲ್ಲದ ಸಿನಿಮಾದಷ್ಟು ಅನುಕೂಲ ಇನ್ನೊಂದಿಲ್ಲ. ಇಲಿಯಂಥ ಹಲ್ಲು, ಮೆಟ್ಟಿಲ ಗೋಡೆಯ ಮೇಲೆ ಹತ್ತುವ ನೆರಳು. ಬಿಸಿಲು ತಾಗಿದರೆ ಪಿಶಾಚಿ ಸಾಯುತ್ತದೆ ಅನ್ನುವುದು ಬಂದದ್ದೂ ಇಲ್ಲಿಂದಲೇ, ಸ್ಟೋಕರ್‌ನಿಂದ ಅಲ್ಲ. ಸ್ಟೋಕರ್ ಕಥೆಯನ್ನೇ ಅನುಮತಿ ಕೇಳದೆ ತೆಗೆದ ಚಿತ್ರ. ಸ್ಟೋಕರ್ ಹೆಂಡತಿ ಕೋರ್ಟಿಗೆ ಹೋಗಿ, ಪ್ರತಿಗಳನ್ನೆಲ್ಲ ನಾಶ ಮಾಡಲು ಆದೇಶವಾಗಿತ್ತು. ಹೇಗೋ ಕೆಲವು ಉಳಿದುಕೊಂಡವು, ನಮ್ಮ ಪುಣ್ಯ.

1931ರ ‘ಡ್ರಾಕುಲಾ’ದಲ್ಲಿ ಡ್ರಾಕುಲಾ ಪಾತ್ರದ ಬೆಲಾ ಲುಗೋಸಿ ಕೋಟು ಹಾಕಿಕೊಂಡು ಮದುವೆ ಗಂಡಿನ ಹಾಗಿದ್ದಾನೆ. ಕೋರೆಹಲ್ಲು ಒಮ್ಮೆಯೂ ತೋರಿಸುವುದಿಲ್ಲ. ಮಳೆಗೆ ಅರ್ಧ ಮಾತು ಕೇಳಲಿಲ್ಲ. 2008ರ ‘ಟ್ವೈಲೈಟ್’ ಚಿಕ್ಕಮ್ಮನ ಮಗಳ ಒತ್ತಾಯಕ್ಕೆ ನೋಡಿದ್ದು. ಬಿಸಿಲಿಗೆ ಬಂದರೆ ಇದರ ಪಿಶಾಚಿ ಹುಡುಗ ಸಾಯುವುದಿಲ್ಲ, ಮಿಂಚುತ್ತಾನೆ! ಪ್ರಾಣಿಗಳ ರಕ್ತ ಕುಡಿದುಕೊಂಡು ಶಾಲೆಗೆ ಹೋಗುತ್ತಾನೆ. ಅವಳಿಗೆ ಕಣ್ಣಲ್ಲಿ ನೀರು, ನನಗೆ ನಿದ್ದೆ.

ಇಷ್ಟಾದ ಮೇಲೆ ಪುಸ್ತಕದ ಕೊನೆ ಹೇಗೆ ಅಂತ ಅಜ್ಜಿ ಕೇಳಿದರು. ಲಂಡನ್ನಿನಿಂದ ಅವನ ಊರಿನ ತನಕ ಅಟ್ಟಿಸಿಕೊಂಡು ಹೋಗುತ್ತಾರೆ, ಡ್ರಾಕುಲಾನನ್ನು ಮುಗಿಸುವುದು ಮರದ ಗೂಟ ಅಲ್ಲ, ಎರಡು ಚೂರಿ ಎಂದೆ.

‘ಅಷ್ಟು ದೂರ ಓಡಿಸ್ಕೊಂಡು ಹೋಗಿದ್ದು ಎಂಥಕ್ಕೆ? ಒಂದು ಮುಷ್ಟಿ ಉಪ್ಪು ಹಾಕಿದ್ರೆ ಆಗ್ತಿತ್ತು.’