ಶಿರಸಿ ಅಂಗಡಿಯ ಟ್ಯಾಲಿ ಕಾರವಾರದಲ್ಲಿ ತೆರೆಯಲು: ಯಾವ ದಾರಿ?

ಬರೀ ಅಡಿಕೆ ಸ್ಟಾಕು, ಬಾಕಿ ನೋಡುವುದಾದರೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಪ್ರೈಮಿನ ಬ್ರೌಸರ್ ವರದಿ ಸಾಕು; ಅಲ್ಲಿ ವೋಚರ್ (ವ್ಯವಹಾರದ ನಮೂದು) ಬರೆಯಲಾಗದು. ಬರೆಯಬೇಕಿದ್ದರೆ ಟ್ಯಾಲಿಯದೇ ರಿಮೋಟ್ ಲಾಗಿನ್. ಎರಡಕ್ಕೂ ಟಿಎಸ್‌ಎಸ್ (ಟ್ಯಾಲಿಯ ಚಂದಾ ಸೇವೆ) ಚಾಲ್ತಿಯಲ್ಲಿರಬೇಕು, ಶಿರಸಿಯ ಕಂಪ್ಯೂಟರಿನ ಟ್ಯಾಲಿಯಲ್ಲಿ ಕಂಪನಿ (ಅಂಗಡಿಯ ಲೆಕ್ಕದ ಕಡತ) ತೆರೆದು ಕನೆಕ್ಟ್ ಆಗಿರಬೇಕು. ರೌಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಯುವ ಗೋಜಿಲ್ಲ. ಕಂಪ್ಯೂಟರ್ ಸ್ಲೀಪಿಗೆ ಹೋದರೆ ಮಾತ್ರ ಎಲ್ಲವೂ ಬಂದ್. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪನ್ನು 'ನೆವರ್' ಮಾಡಿ.

ಮೂರನೆಯದು ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಅಂಗಡಿಯ ಕಂಪ್ಯೂಟರನ್ನೇ ದೂರದಿಂದ ನಡೆಸುವುದು. ಎಕ್ಸೆಲ್, ಬ್ಯಾಕಪ್ ಎಲ್ಲ ಕೈಗೆ ಸಿಗುತ್ತದೆ, ತಕರಾರೂ ಜಾಸ್ತಿ. ವಿಂಡೋಸ್ ಹೋಮ್ ಇದ್ದರೆ ಆ ಕಂಪ್ಯೂಟರಿಗೆ ಹೊರಗಿನಿಂದ ಹೀಗೆ ಹೊಕ್ಕಲಾಗದು, ಪ್ರೊ ಬೇಕು. ಪ್ರೊದಲ್ಲೂ ನೀವು ಹೊಕ್ಕೊಡನೆ ಅಂಗಡಿಯವರ ಪರದೆ ಲಾಕ್ ಆಗುತ್ತದೆ. ಗಲ್ಲಾದ ಹೊತ್ತಿನಲ್ಲಿ ಇದು ಜಗಳದ ಮೂಲ.

ರಿಮೋಟ್ ಡೆಸ್ಕ್‌ಟಾಪಿಗಾಗಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ರೌಟರಿಗೆ ಹೊರಗಿನಿಂದ ಬಂದ ಸಂಪರ್ಕವನ್ನು ಕಂಪ್ಯೂಟರಿಗೆ ದಾಟಿಸಿದರೂ) ತೆರೆಯದಿದ್ದರೆ ರೌಟರಿನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ಅದಕ್ಕೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಲಾಗಿದೆ, ಫಾರ್ವರ್ಡಿಂಗ್ ವ್ಯರ್ಥ. ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ವಿಳಾಸ) ಕೊಳ್ಳಿ ಅಥವಾ ಟೇಲ್‌ಸ್ಕೇಲಿನಂಥ ವಿಪಿಎನ್ (ಎರಡು ಕಂಪ್ಯೂಟರುಗಳ ನಡುವಿನ ಖಾಸಗಿ ದಾರಿ) ಹಾಕಿ. ಸ್ಟ್ಯಾಟಿಕ್ ಐಪಿ ಬಂದರೂ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ಬಿಡಲೇಬೇಡಿ, ವಿಪಿಎನ್ ಮೂಲಕವೇ ಹೋಗಿ. ರ‍್ಯಾನ್‌ಸಮ್‌ವೇರ್ (ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ಹಲವು ಸಲ ನುಗ್ಗುವುದು ಆ ಬಾಗಿಲಿನಿಂದಲೇ.

ಮಳೆಗಾಲದ ಕರೆಂಟು ನಂಬಿ ಯಾವ ದಾರಿಯನ್ನೂ ಹಿಡಿಯಬೇಡಿ. ಯುಪಿಎಸ್‌ಗೆ ಕಂಪ್ಯೂಟರ್ ಜೊತೆ ರೌಟರ್, ಫೈಬರ್ ಪೆಟ್ಟಿಗೆಯನ್ನೂ ಸೇರಿಸಿ. ಕರೆಂಟು ಬಂದಾಗ ತಾನೇ ಚಾಲೂ ಆಗುವ ಆಯ್ಕೆ ಸಾಮಾನ್ಯವಾಗಿ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಇರುತ್ತದೆ. ಆದರೂ ಟ್ಯಾಲಿಯ ಕಂಪನಿಯನ್ನು ಯಾರಾದರೂ ತೆರೆಯಲೇಬೇಕು. ರಿಮೋಟ್ ಡೆಸ್ಕ್‌ಟಾಪ್ ದಾರಿಯಲ್ಲಿ ಆ ಕೆಲಸವನ್ನು ಕಾರವಾರದಿಂದಲೇ ಮಾಡಬಹುದು.