ಲಿಥಿಯಂ ಬಿಡಿಸಿ ಸೂಜಿ ಚುಚ್ಚಿದರು: ಕಲಬುರಗಿಯಲ್ಲಿ ನನಗಾದದ್ದು ನಿಮಗಾಗಬಾರದು

ನನಗೆ ಬೈಪೋಲಾರ್ ಕಾಯಿಲೆ ಇದೆ. ಗೊತ್ತಾಗಿ ಏಳು ವರ್ಷ ಆಯಿತು. ಕಲಬುರಗಿಯಲ್ಲಿ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ನನ್ನ ಹೆಸರು ಹಾಕುತ್ತಿಲ್ಲ, ಶಾಲೆ ಮಕ್ಕಳ ತಂದೆ ತಾಯಿ ಓದುತ್ತಾರೆ. ನನಗೆ ಲಿಥಿಯಂ ಗುಳಿಗೆ ಬಿಡಿಸಿ ಸೂಜಿ ಚುಚ್ಚಿದ ಕ್ಲಿನಿಕ್ಕಿನ ಹೆಸರನ್ನೂ ಹಾಕುತ್ತಿಲ್ಲ. ಹೆಸರು ಬರೆದರೆ ಎಲ್ಲರೂ ಆ ಒಂದು ಬೋರ್ಡನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಅಂಥ ಬೋರ್ಡುಗಳು ಈಗ ಬೀದರ್, ಯಾದಗಿರಿ ಕಡೆಯೂ ಕಾಣುತ್ತಿವೆ.

ಈ ಕಾಯಿಲೆಗೆ ಎರಡು ಮುಖ. ಒಂದು, ತಿಂಗಳುಗಟ್ಟಲೆ ಮನಸ್ಸು ಕುಸಿದು ಹೋಗುವುದು. ಸ್ನಾನಕ್ಕೆ ಏಳುವುದೂ ಭಾರ ಅನಿಸುತ್ತದೆ. ಇನ್ನೊಂದು ಮೇನಿಯಾ. ನಿದ್ದೆ ಬೇಡ, ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ಜಗತ್ತೆಲ್ಲಾ ನನ್ನ ಕೈಯಲ್ಲೇ ಇದೆ ಅನಿಸುತ್ತದೆ. ಎರಡನ್ನೂ ಹಿಡಿತದಲ್ಲಿಡಲು ನನಗೆ ಕೊಟ್ಟದ್ದು ಲಿಥಿಯಂ. ಅದು ಹೊಸ ಔಷಧಿ ಅಲ್ಲ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಮೇನಿಯಾ ಇದ್ದವರಿಗೆ ಕೊಟ್ಟು 1949ರಲ್ಲೇ ಬರೆದಿದ್ದರು. ಬೆಲೆಯೂ ಜಾಸ್ತಿ ಇಲ್ಲ. ಆರು ವರ್ಷ ಅದರ ಮೇಲೆ ನಾನು ಶಾಲೆಗೆ ಹೋದೆ, ಮಕ್ಕಳನ್ನು ಬೆಳೆಸಿದೆ, ಅತ್ತೆಯವರ ಕಣ್ಣಿನ ಆಪರೇಷನ್ ಮಾಡಿಸಿದೆ.

ತೊಂದರೆಯೂ ಇತ್ತು, ಮುಚ್ಚಿಡುವುದಿಲ್ಲ. ಹತ್ತು ಕಿಲೋ ತೂಕ ಏರಿತು. ಥೈರಾಯ್ಡ್ ಕೆಟ್ಟು ಅದಕ್ಕೊಂದು ಗುಳಿಗೆ ಸೇರಿತು. ಎಲ್ಲಕ್ಕಿಂತ ನೋವಾದದ್ದು ಕೈ ನಡುಕ. ಬೋರ್ಡಿನ ಮೇಲೆ 'ಅ' ಬರೆದರೆ ಸುತ್ತು ತಿರುಗುವ ಕಡೆ ಗೆರೆ ಹಲ್ಲು ಹಲ್ಲಾಗುತ್ತಿತ್ತು. ಎರಡನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್‌, ನಿಮಗ ಚಳಿ ಆಗ್ಲಕತ್ತದೇನ್ರಿ?" ಅಂತ ಕೇಳಿದಳು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಆ ಮಾತು ಮನಸ್ಸಿನಲ್ಲಿ ಇರುವಾಗಲೇ ಸಹೋದ್ಯೋಗಿಯೊಬ್ಬರು ಆ ಕ್ಲಿನಿಕ್ ಬಗ್ಗೆ ಹೇಳಿದರು. ಅವರ ಮೊಣಕಾಲು ನೋವಿಗೆ ಅಲ್ಲಿ ಸೂಜಿ ಚುಚ್ಚಿಸಿಕೊಂಡು ಆರಾಮ ಆಗಿತ್ತಂತೆ.

ಬೋರ್ಡಿನ ಮೇಲೆ "ಇಂಟಿಗ್ರೇಟಿವ್ ಸೈಕಿಯಾಟ್ರಿ ಮತ್ತು ಅಕ್ಯುಪಂಕ್ಚರ್" ಅಂತ ಇತ್ತು. ಅಕ್ಯುಪಂಕ್ಚರ್ ಅಂದರೆ ಇಂಜೆಕ್ಷನ್ ಅಲ್ಲ, ಮೈಯ ಕೆಲವು ಜಾಗಗಳಲ್ಲಿ ಬರೀ ಸೂಜಿ ಚುಚ್ಚುವ ಚಿಕಿತ್ಸೆ. ಸೈಕಿಯಾಟ್ರಿ ಅಂತ ಬರೆದವರು ಸೈಕಿಯಾಟ್ರಿಸ್ಟೇ, ಅಂದರೆ ಮನೋವೈದ್ಯರೇ, ಇರುತ್ತಾರೆ ಅಂದುಕೊಂಡೆ. ಏನು ಓದಿದ್ದೀರಿ ಅಂತ ಕೇಳಲೇ ಇಲ್ಲ.

ಮೊದಲ ದಿನ ಕ್ಲಿನಿಕ್ ನಡೆಸುವವರು ಒಂದೂವರೆ ತಾಸು ನನ್ನ ಮಾತು ಕೇಳಿದರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾವು ಸಿಕ್ಕಿಬೀಳುವುದು ಇಲ್ಲೇ. ದೊಡ್ಡ ದವಾಖಾನೆಯಲ್ಲಿ ನೂರು ಜನರ ಸಾಲು ಇರುತ್ತದೆ. ಡಾಕ್ಟರಿಗೆ ಒಬ್ಬೊಬ್ಬರಿಗೆ ಐದು ನಿಮಿಷವೂ ಸಿಗುವುದಿಲ್ಲ. ಇಲ್ಲಿ ಒಬ್ಬರು ಎದುರಿಗೆ ಕುಳಿತು, ಚಹಾ ತರಿಸಿ, ನನ್ನ ನಡುಗುವ ಕೈಯನ್ನು ಹಿಡಿದು ನೋಡಿ, "ಆರು ವರ್ಷ ಗುಳಿಗಿ ನುಂಗೀರಿ ಮೇಡಂ. ಏನ್ ಗುಣ ಆಗ್ಯಾದ ಹೇಳ್ರಿ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಆರು ವರ್ಷ ಒಂದು ಸಲವೂ ದವಾಖಾನೆ ಸೇರಿರಲಿಲ್ಲ. ಅದೇ ಉತ್ತರ ಅಲ್ವಾ? ಆಗ ತೋಚಲಿಲ್ಲ. ಇಪ್ಪತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಅಂತ 28,000 ರೂಪಾಯಿ ಮುಂಗಡ ಕಟ್ಟಿ ಬಂದೆ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟ ಮೇಲೆ ಶುರುವಾಯಿತು. ವಾರಕ್ಕೆ ಎರಡು ಸಲ. ಕೂದಲಿನಷ್ಟು ತೆಳ್ಳಗಿನ ಸೂಜಿ. ನೆತ್ತಿಯಲ್ಲಿ ಒಂದು, ಹುಬ್ಬುಗಳ ನಡುವೆ ಒಂದು, ಮಣಿಕಟ್ಟಿನ ಒಳಗೆ, ಕಿವಿಯ ಮೇಲ್ಭಾಗದಲ್ಲಿ. ಚುಚ್ಚುವಾಗ ಇರುವೆ ಕಚ್ಚಿದಂತೆ, ಆಮೇಲೆ ಆ ಜಾಗ ಭಾರ ಭಾರ. ಏಸಿ ಕೋಣೆಯಲ್ಲಿ ಅರ್ಧ ತಾಸು ಸುಮ್ನೆ ಮಲಗುವುದು. ಹೊರಗೆ 42 ಡಿಗ್ರಿ ಬಿಸಿಲು, ಮನೆಯಲ್ಲಿ ಕೆಲಸ, ಅದರ ನಡುವೆ ಯಾರೂ ಕರೆಯದ ಅರ್ಧ ತಾಸು. ನನಗೆ ಅದು ಇಷ್ಟವಾಯಿತು. ಸೂಜಿಯಿಂದ ನನಗೆ ಕೆಟ್ಟದ್ದೇನೂ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಪ್ರತಿ ಸಲ ಹೊಸ ಪ್ಯಾಕೆಟ್ ಒಡೆದೇ ಚುಚ್ಚುತ್ತಿದ್ದರು.

ಕೆಟ್ಟದ್ದು ಸೂಜಿಯ ಜೊತೆ ಬಂದ ಮಾತುಗಳಿಂದ ಆಯಿತು. ಮೂರನೇ ಸಿಟ್ಟಿಂಗ್‌ನಲ್ಲಿ ಉಪ್ಪು ಬಿಡಲು ಹೇಳಿದರು. ವಾರಕ್ಕೆ ಎರಡು ದಿನ ಉಪವಾಸ, ಬರೀ ಹಣ್ಣಿನ ರಸ. ಹೆಸರಿಲ್ಲದ ಪೊಟ್ಟಣದಲ್ಲಿ ಕಂದು ಬಣ್ಣದ ಪುಡಿ ಕೊಟ್ಟರು. ನಾನಿನ್ನೂ ಲಿಥಿಯಂ ತೆಗೆದುಕೊಳ್ಳುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು. ಹತ್ತು ದಿನದಲ್ಲಿ ನಡುಕ ಜಾಸ್ತಿಯಾಯಿತು. ಚಹಾದ ಕಪ್ಪು ಎತ್ತಿದರೆ ಬಟ್ಟಲಿಗೆ ಚೆಲ್ಲುತ್ತಿತ್ತು. ಹೊಟ್ಟೆ ಕೆಟ್ಟಿತು, ವಾಂತಿಯಾಯಿತು, ನಡೆದರೆ ಕಾಲು ಅತ್ತಿತ್ತ ಹೋಗುತ್ತಿತ್ತು. ಫೋನ್ ಮಾಡಿ ಹೇಳಿದರೆ, "ಒಳಗಿನ ವಿಷ ಹೊರಗ ಬರ್ಲಕತ್ತದ ಮೇಡಂ. ಹೆದರಬ್ಯಾಡ್ರಿ, ಛಲೋ ಲಕ್ಷಣ ಅದ" ಅಂದರು.

ಅದು ಛಲೋ ಲಕ್ಷಣ ಆಗಿರಲಿಲ್ಲ. ಲಿಥಿಯಂ ಒಂದು ಲವಣ. ನಮ್ಮ ಕಿಡ್ನಿ ಅದನ್ನು ಹೆಚ್ಚು ಕಡಿಮೆ ಉಪ್ಪಿನಂತೆಯೇ ನೋಡುತ್ತದೆ. ಊಟದಲ್ಲಿ ಉಪ್ಪು ಒಮ್ಮೆಲೇ ಕಡಿಮೆಯಾದರೆ, ಮೈಯಲ್ಲಿ ನೀರು ಬತ್ತಿದರೆ, ಕಿಡ್ನಿ ಲಿಥಿಯಂ ಅನ್ನು ಹೊರಗೆ ಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. 1.5 ದಾಟಿದರೆ ಸಾಮಾನ್ಯವಾಗಿ ವಿಷದ ಲಕ್ಷಣ ಶುರುವಾಗುತ್ತದೆ. ಜೋರು ನಡುಕ, ಭೇದಿ, ವಾಂತಿ, ತೂರಾಡುವ ನಡಿಗೆ, ತೊದಲು ಮಾತು ಎಲ್ಲಾ ಅದರ ಗುರುತು. ಇನ್ನೂ ಏರಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ, ಲಿಥಿಯಂ ನುಂಗುವ ಹೆಂಗಸಿಗೆ ಉಪ್ಪು ಬಿಡು, ಉಪವಾಸ ಮಾಡು ಅನ್ನುವುದು ಎಂಥ ಮಾತು ನೋಡಿ. ಅವತ್ತೇ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ ಎಲ್ಲಾ ಗೊತ್ತಾಗುತ್ತಿತ್ತು. ರಾತ್ರಿ ಗುಳಿಗೆ ನುಂಗಿ ಹನ್ನೆರಡು ತಾಸಿಗೆ, ಅಂದರೆ ಬೆಳಿಗ್ಗೆ, ರಕ್ತ ಕೊಡಬೇಕು. ಅಷ್ಟೇ ಕೆಲಸ. ಇದನ್ನೆಲ್ಲಾ ನನಗೆ ಆಮೇಲೆ ದವಾಖಾನೆಯ ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಇನ್ನೊಂದೂ ಹೇಳಿದರು: ಮೈಕೈ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ.

ನಡುಕ ಹೆಚ್ಚಾದದ್ದನ್ನೇ ತೋರಿಸಿ ಆ ಮನುಷ್ಯ, "ನೋಡ್ರಿ, ಈ ಗುಳಿಗಿ ನಿಮ್ಮ ನರ ತಿನ್ಲಕತ್ತದ. ಇವತ್ತಿನಿಂದ ಬಂದ್ ಮಾಡ್ರಿ" ಅಂದರು. ಮೇ ತಿಂಗಳ ನಡುವೆ. ನಮ್ಮ ಮನೆಯವರು, "ಡಾಕ್ಟರಿಗಿ ಒಂದ್ ಮಾತ ಕೇಳೂಣು" ಅಂದರು. ನಾನೇ ಜಗಳ ಮಾಡಿದೆ. ಸ್ಟ್ರಿಪ್‌ಗಳನ್ನೆಲ್ಲಾ ಅಲಮಾರಿಯಲ್ಲಿ ಸೀರೆಗಳ ಕೆಳಗೆ ಹಾಕಿದೆ.

ವಾರದಲ್ಲಿ ನಡುಕ ನಿಂತಿತು. ಹೊಟ್ಟೆ ಸರಿ ಹೋಯಿತು. ಲಿಥಿಯಂ ನಿಂತರೆ ಅದು ನಿಲ್ಲಲೇಬೇಕು, ಅದರಲ್ಲಿ ಸೂಜಿಯ ಪವಾಡ ಏನೂ ಇಲ್ಲ. ಶಾಲೆ ಶುರುವಾದ ದಿನ ಬೋರ್ಡಿನ ಮೇಲೆ ದುಂಡಗೆ 'ಅ' ಬರೆದು ಎರಡು ನಿಮಿಷ ನೋಡುತ್ತಾ ನಿಂತೆ. ಅಷ್ಟು ಖುಷಿ. ಜೂನ್ ಮೊದಲ ವಾರ ಐದು ತಾಸು ನಿದ್ದೆ ಸಾಕಾಯಿತು. ಎರಡನೇ ವಾರ ನಾಲ್ಕು. ದಣಿವೇ ಇಲ್ಲ. ನಲಿಕಲಿ ಕಾರ್ಡುಗಳನ್ನು ರಾತ್ರಿ ಕುಳಿತು ಹೊಸದಾಗಿ ಬರೆದೆ. ಹೆಡ್ ಮಾಸ್ಟರ್ ಹೊಗಳಿದರು. ನೆರೆಮನೆಯವರು, "ಏನ್ ಮುಖದ ಕಳಿ ಬಂದದ ನಿಮಗ!" ಅಂದರು. ಕ್ಲಿನಿಕ್ಕಿನಲ್ಲಿ ನನ್ನ ಮಾತನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು, ಗುಣವಾದವರ ಪಟ್ಟಿಗೆ ಸೇರಿಸಿದರು.

ಈ ಕಾಯಿಲೆ ಇರುವವರು, ಅವರ ಮನೆಯವರು, ದಯವಿಟ್ಟು ಇಲ್ಲಿ ನಿಂತು ಓದಿ. ಅದು ಗುಣವಾದದ್ದಲ್ಲ. ಮೇನಿಯಾ ಶುರುವಾಗುವುದೇ ಹಾಗೆ. ನಿದ್ದೆ ಕಡಿಮೆಯಾಗಿಯೂ ದಣಿವಾಗದೆ ಇರುವುದು ಅದರ ಮೊದಲ ಗುರುತುಗಳಲ್ಲಿ ಒಂದು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುತ್ತೇನೆ ಅನ್ನುವವರಿಗೆ ಇದು ಗೊತ್ತಿರಲೇಬೇಕು. ಅವರು ನನ್ನ ಕಾಯಿಲೆ ಏಳುವುದನ್ನು ಕಣ್ಣಾರೆ ನೋಡಿ, ತಮ್ಮ ಚಿಕಿತ್ಸೆ ಫಲ ಕೊಟ್ಟಿತು ಅಂತ ವಿಡಿಯೋ ಮಾಡಿದರು. ಆ ವಿಡಿಯೋ ನೋಡಿ ಇನ್ನೆಷ್ಟು ಜನ ಗುಳಿಗೆ ಬಿಟ್ಟಿದ್ದಾರೋ ಅನ್ನುವ ಸಂಕಟ ನನಗೆ ಈಗಲೂ ಇದೆ. ಈ ಬರಹಕ್ಕೆ ಕೂತದ್ದೂ ಅದಕ್ಕೇ.

ಜೂನ್ ಕೊನೆಗೆ ಒಂದು ರಾತ್ರಿ ಮೂರು ಗಂಟೆಗೆ ಒಲೆ ಹಚ್ಚಿ ಜೋಳದ ರೊಟ್ಟಿ ಬಡಿಯಲು ಕುಳಿತೆ. ಇಡೀ ಓಣಿಗೆ ಸಪ್ಪಳ. ಹಿಟ್ಟು ಮುಗಿಯುತ್ತಿದ್ದಂತೆ ಇನ್ನೊಂದು ಡಬ್ಬಿ ಬಿಚ್ಚಿದೆ. ಎರಡು ಬುಟ್ಟಿ ತುಂಬಿತು, ಅಂಗೈ ಕೆಂಪಾಗಿ ಸಿಪ್ಪೆ ಎದ್ದಿತ್ತು, ನೋವು ಗೊತ್ತಾಗಲಿಲ್ಲ. ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತು, "ಅವ್ವಾ, ಇಷ್ಟು ರೊಟ್ಟಿ ಯಾರಿಗಿ?" ಅಂದಳು. ಊರಿಗೆಲ್ಲಾ ಅಂದೆ. ನಾನು ನಕ್ಕೆ. ಅವಳು ನಗಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಳೆ, ಸರ ಒತ್ತೆ ಇಟ್ಟು 1,80,000 ರೂಪಾಯಿ ಸಾಲ ತಂದೆ, ಹೊಲಿಗೆ ತರಬೇತಿ ಶಾಲೆ ತೆರೆಯುತ್ತೇನೆ ಅಂತ ಯಂತ್ರಗಳಿಗೆ ಮುಂಗಡ ಕೊಟ್ಟೆ. ಶಾಲೆಯಲ್ಲಿ ಹೆಡ್ ಮಾಸ್ಟರ್ ಮೇಲೆ ಕೂಗಾಡಿದೆ. ಜುಲೈನಲ್ಲಿ ಅಣ್ಣ, ವೈನಿ ಬಂದು, ನಮ್ಮ ಮನೆಯವರ ಜೊತೆ ನನ್ನನ್ನು ದವಾಖಾನೆಗೆ ಸೇರಿಸಿದರು. 19 ದಿನ ಇದ್ದೆ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ, "ಪೇಶಂಟ್ ಡಯಟ್ ಪಾಲಿಸಿಲ್ಲ" ಅಂದರಂತೆ. ನನಗೆ ಕೊಟ್ಟ ಚಿಕಿತ್ಸೆಯ ದಾಖಲೆ ಕೇಳಿದರೆ ಒಂದು ಚೀಟಿಯೂ ಇರಲಿಲ್ಲ. ಲಿಥಿಯಂ ಬಿಡಿ ಅಂದದ್ದು ಬರೀ ಬಾಯಿಮಾತು.

ಲಿಥಿಯಂ ನಿಲ್ಲಿಸಲೇಬಾರದು ಅಂತ ಇಲ್ಲ. ನಿಲ್ಲಿಸಬೇಕಾದ ಕಾರಣಗಳು ಇರುತ್ತವೆ. ಆದರೆ ಅದನ್ನು ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ಕಾಯಿಲೆ ಮರಳುವ ಅಪಾಯ ಜಾಸ್ತಿ. ನನ್ನ ನಡುಕಕ್ಕೂ ದಾರಿ ಇತ್ತು. ಡೋಸ್ ಸ್ವಲ್ಪ ಇಳಿಸಿ, ಪ್ರೊಪ್ರಾನೊಲಾಲ್ ಅನ್ನುವ ಇನ್ನೊಂದು ಗುಳಿಗೆ ಕೊಟ್ಟರು. ಈಗ 'ಅ' ಪೂರ್ತಿ ದುಂಡಗೆ ಬರುವುದಿಲ್ಲ, ಆದರೆ ಮಕ್ಕಳು ಓದಬಲ್ಲರು. ದೊಡ್ಡ ದವಾಖಾನೆಯಲ್ಲಿ ಸಿಗುತ್ತಿದ್ದ ಆ ಐದು ನಿಮಿಷದಲ್ಲೇ ನಾನು ನಡುಕದ ಬಗ್ಗೆ ಬಾಯಿ ಬಿಟ್ಟು ಹೇಳಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ ಅನ್ನುವುದು ನನ್ನನ್ನು ಈಗಲೂ ಕೊರೆಯುತ್ತದೆ.

ಇಂಟಿಗ್ರೇಟಿವ್ ಅನ್ನುವ ಮಾತೇ ಮೋಸ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಅಂಥ ವಿಭಾಗ ಇದೆ. ಯೋಗ, ಆಯುರ್ವೇದವನ್ನು ಮನೋವೈದ್ಯರ ಚಿಕಿತ್ಸೆಯ ಜೊತೆ ಸೇರಿಸುತ್ತಾರೆ. ಜೊತೆ ಅನ್ನುವುದೇ ಆ ಪದದ ಅರ್ಥ. ನನಗೆ ಸಿಕ್ಕಲ್ಲಿ ಬದಲಿಗೆ ಅನ್ನುವುದನ್ನು ಜೊತೆ ಅಂತ ಮಾರಿದರು. ನೋವಿಗೆ ಸೂಜಿ ಚುಚ್ಚಿಸಿಕೊಂಡು ಆರಾಮ ಕಂಡವರು ಇದ್ದಾರೆ, ನನ್ನ ಸಹೋದ್ಯೋಗಿಯೂ ಒಬ್ಬರು. ಆದರೆ ಬೈಪೋಲಾರ್‌ನಲ್ಲಿ ಲಿಥಿಯಂ ಕೆಲಸವನ್ನು ಸೂಜಿ ಮಾಡುತ್ತದೆ ಅಂತ ತೋರಿಸಿದ ಆಧಾರ ಇಲ್ಲ.

ಹೋಗುವ ಮೊದಲು ಕೇಳಿ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದವರು. ಅವರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು. ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ, ಮುಂದೆ ನನಗೆ ಬುದ್ಧಿ ಕೈಕೊಟ್ಟಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರ ಯಾರು ಮಾತಾಡಬೇಕು ಅಂತ ಆರಾಮ ಇದ್ದಾಗಲೇ ಬರೆದಿಡಬಹುದು. ಅದನ್ನೂ ಬರೆದಿಟ್ಟಿದ್ದೇನೆ, ನಮ್ಮ ಮನೆಯವರ ಹೆಸರು ಹಾಕಿ. ಅಡುಗೆ ಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ನಾನು ಎಷ್ಟು ತಾಸು ಮಲಗಿದೆ ಅಂತ ಅವರು ಬರೆಯುತ್ತಾರೆ. ಎರಡು ದಿನ ಸತತ ಐದಕ್ಕಿಂತ ಕೆಳಗೆ ಬಂದರೆ ನನ್ನನ್ನು ಕೇಳದೆಯೇ ಡಾಕ್ಟರಿಗೆ ಫೋನ್ ಮಾಡಲು ಒಪ್ಪಿದ್ದೇನೆ.

ನೀವು ಈಗಾಗಲೇ ಯಾರದೋ ಮಾತು ಕೇಳಿ ಗುಳಿಗೆ ಬಿಟ್ಟಿದ್ದರೆ, ನಾಚಿಕೆ ಪಟ್ಟುಕೊಂಡು ಮನೆಯಲ್ಲಿ ಕೂರಬೇಡಿ. ಬಿಟ್ಟ ಡೋಸನ್ನೆಲ್ಲಾ ನೀವಾಗಿಯೇ ಒಟ್ಟಿಗೆ ನುಂಗಲೂಬೇಡಿ. ಮೊದಲು ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ. ನಾನು ಬೈಯುತ್ತಾರೆ ಅಂತ ಹೆದರಿದ್ದೆ, ಅವರು ಬೈಯಲಿಲ್ಲ, ರಕ್ತ ಪರೀಕ್ಷೆಗೆ ಬರೆದರು. ದೂರ ಆದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮನಸ್, 24 ತಾಸೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಲಿಥಿಯಂ ತೆಗೆದುಕೊಳ್ಳುತ್ತಿರುವವರಿಗೆ ವಾಂತಿ ಭೇದಿಯ ಜೊತೆ ನಡುಕ, ತೂರಾಟ ಕಂಡರೆ ಫೋನ್ ಹಚ್ಚುತ್ತಾ ಕೂರಬೇಡಿ. ಗುಳಿಗೆಯ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡು ನೇರ ಎಮರ್ಜೆನ್ಸಿಗೆ ಹೋಗಿ, ಲಿಥಿಯಂ ಮಟ್ಟ ನೋಡಿ ಅಂತ ಬಾಯಿ ಬಿಟ್ಟು ಹೇಳಿ.